ಶೀರಾಝಳ ಪಿಸ್ತೂಲಿನ ಹಿಡಿಕೆ

ಪೆಟ್ಟಿಗೆಯ ಕೊಂಡಿ ಹಾಕಿದ್ದ ಹಾಗೇ ಇತ್ತು. ಪಿಸ್ತೂಲು ಒಳಗೇ ಇತ್ತು. ಆದರೆ ಪಿಸ್ತೂಲಿಗೆ ಹಿಡಿಕೆ ಇರಲಿಲ್ಲ.

ಶೀರಾಝ್ ಸ್ಪಂಜಿನ ಹಾಸನ್ನು ಎತ್ತಿ ನೋಡಿದಳು. ಆಯುಧದ ಕೋಣೆಯ ಮೇಜಿನ ಕೆಳಗೆ ಬಗ್ಗಿ ನೋಡಿದಳು. ಮತ್ತೆ ಪೆಟ್ಟಿಗೆ ನೋಡಿದಳು — ಅಷ್ಟರಲ್ಲಿ ಅದು ತಾನಾಗಿ ಬಂದು ಕೂತಿರಬಹುದೇನೋ ಎಂಬ ಆಸೆಯಿಂದ. ಆಮೇಲೆ ಕೂಗಿಕೊಂಡಳು.

“ನನ್ನ ಕೈ — ನನ್ನ ಕೈ ಹೋಯ್ತು.”

ಅಂಗಳದ ನಿಂಬೆ ಗಿಡದ ಕೆಳಗೆ ಒಬ್ಬಳೇ ಕೂತಿದ್ದ ನರ್ಜಿಸ್, ಯಾರಿಗೋ ಗುಂಡು ತಾಕಿತು ಎಂದುಕೊಂಡು ಓಡಿಬಂದಳು. ಮೊದಲು ಬಂದವಳು ಅವಳೇ. ಶೀರಾಝಳ ಎರಡು ಕೈಗಳೂ ನೆಟ್ಟಗಿದ್ದವು. ಪೆಟ್ಟಿಗೆಯಲ್ಲಿ ಬರೀ ಉಕ್ಕಿನ ಅಸ್ಥಿಪಂಜರ ಬಿದ್ದಿತ್ತು. ನರ್ಜಿಸ್‌ಗೆ ಮೊದಲು ಆದದ್ದು ಸಂತೋಷ. ಸುಳ್ಳು ಯಾಕೆ ಹೇಳಬೇಕು? ಹಬ್ಬದ ದಿನ ಬೆಳಗ್ಗೆ ಎದ್ದಷ್ಟು ಸಂತೋಷವಾಯಿತು. ಆಮೇಲೆ ನಾಚಿಕೆಯಾಯಿತು, ಆದರೆ ಸಂತೋಷದಷ್ಟಲ್ಲ.

ಆ ಹಿಡಿಕೆ ಏನೆಂದು ಅವಳಿಗೆ ಗೊತ್ತಿತ್ತು. ಪಿಸ್ತೂಲನ್ನು ಕಾರ್ಖಾನೆಯವರು ಸಾವಿರಗಟ್ಟಲೆ ಮಾಡುತ್ತಾರೆ. ಕೆಟ್ಟರೆ ಇನ್ನೊಂದು ತರಿಸಬಹುದು. ಹಿಡಿಕೆ ಹಾಗಲ್ಲ. ಕೋಚ್ ಲಮ್ಜೆದ್ ಅದನ್ನು ಅಕ್ರೋಟು ಮರದಲ್ಲಿ ತಾನೇ ಕೆತ್ತಿದ್ದ. ಶೀರಾಝಳ ಅಂಗೈಯ ಪ್ರತಿಯೊಂದು ಉಬ್ಬು ತಗ್ಗಿಗೂ ಹೊಂದುವಂತೆ ವರ್ಷಗಟ್ಟಲೆ ಉಜ್ಜಿ ಉಜ್ಜಿ ತಿದ್ದಿದ್ದ. ಅವಳ ಕೈ ದಪ್ಪವಾದರೆ ಮರ ತೆಳುವಾಗುತ್ತಿತ್ತು, ಕೈ ಸೊರಗಿದರೆ ಮರಕ್ಕೆ ಮೇಣ ಮೆತ್ತುತ್ತಿದ್ದ. ಅದಿಲ್ಲದೆ ಶೀರಾಝ್ ಗುರಿ ಹಿಡಿಯುವುದೆಂದರೆ ಬೇರೆಯವರ ಚಪ್ಪಲಿ ಹಾಕಿಕೊಂಡು ಓಟದ ಪಂದ್ಯಕ್ಕೆ ನಿಂತ ಹಾಗೆ. ನಾಳೆ ಬೆಳಗ್ಗೆಯೇ ಇಬ್ಬರಿಗೂ ಒಲಿಂಪಿಕ್ಸ್ ಆಯ್ಕೆಯ ಪಂದ್ಯ. ಇದ್ದದ್ದು ಒಂದೇ ಸ್ಥಾನ.

ಎರಡನೆಯವನಾಗಿ ಲಮ್ಜೆದ್ ಬಂದ. ಶೂಟಿಂಗ್ ಕಣದ ಕಡೆಯಿಂದ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತ. ಶೀರಾಝ್ ಹೋಗಿ ಅವನ ಮೇಲೆ ಬಿದ್ದಳು. ಅವನು ಕಿವಿಯ ಮೇಲೆ ಸಿಕ್ಕಿಸಿಕೊಂಡಿದ್ದ ಮಲ್ಲಿಗೆ ಗೊಂಚಲು ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟು, ಅವಳ ತಲೆಯನ್ನು ಹೆಗಲಿಗೆ ಒರಗಿಸಿಕೊಂಡ. ನರ್ಜಿಸ್ ಆ ಹೆಗಲನ್ನೇ ನೋಡುತ್ತ ನಿಂತಳು. ಸೋತ ದಿನ ಅವಳಿಗೂ ಒಂದು ಹೆಗಲು ಬೇಕಿತ್ತು. ಸಿಕ್ಕಿದ್ದು “ಹೋಗು, ಮುಖ ತೊಳ್ಕೊ” ಎಂಬ ಮಾತು.

ಆಮೇಲೆ ಶೀರಾಝಳ ಗಂಡ ಶೆದ್ಲಿ ಗೇಟಿನ ಕಡೆಯಿಂದ ಓಡಿಬಂದ. ಸೂಸ್ ಊರಿನಲ್ಲಿ ಆಲಿವ್ ಎಣ್ಣೆಯ ವ್ಯಾಪಾರಿ. ಕೈ ತುಂಬ ಗ್ರೀಸಿನ ಕರಿ. ಹೆಂಡತಿಯನ್ನು ಮುಟ್ಟಲು ಹೋಗಿ, ಕೈ ನೋಡಿಕೊಂಡು, ಸುಮ್ಮನಾದ.

ಕೊನೆಗೆ ಲಲ್ಲಾ ಕಮರ್ ಬಂದರು. ‘ಲಲ್ಲಾ’ ಎಂದರೆ ಅಲ್ಲಿ ‘ಅಮ್ಮಾವ್ರು’ ಎಂದ ಹಾಗೆ. ಟ್ಯೂನಿಸ್ ಪೊಲೀಸಿನಲ್ಲಿ ಕೊಲೆ, ದರೋಡೆ ಎಲ್ಲ ನೋಡಿ ನಿವೃತ್ತರಾಗಿ, ಈಗ ಹಮ್ಮಾಮೆತ್‌ನ ಈ ಕ್ಲಬ್ಬಿನಲ್ಲಿ ಆಯುಧಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಸ್ಥೂಲಕಾಯದ ಹೆಂಗಸು. ಕೈಯಲ್ಲಿ ಹುರಿದ ಸೂರ್ಯಕಾಂತಿ ಬೀಜದ ಪೊಟ್ಟಣ.

“ಯಾರೂ ಏನೂ ಮುಟ್ಟಬೇಡಿ,” ಎಂದವರೇ ಕಷ್ಟಪಟ್ಟು ಬಗ್ಗಿ ಮೇಜಿನ ಕಾಲಿನ ಹತ್ತಿರದಿಂದ ಏನೋ ಎತ್ತಿದರು. ಸ್ಕ್ರೂ ಬಿಚ್ಚುವ ಸಣ್ಣ ಬಾಗು ಕೀಲಿ. ಅದರ ತುದಿಯಲ್ಲಿ ಉಗುರಿನ ಕೆಂಪು ಬಣ್ಣದ ಒಂದು ಪಟ್ಟೆ. “ಇದು ಯಾರದು?”

ಎಲ್ಲರೂ ನರ್ಜಿಸಳನ್ನು ನೋಡಿದರು. ತನ್ನ ಸಾಮಾನು ಕಳೆಯಬಾರದೆಂದು ಎಲ್ಲದಕ್ಕೂ ಆ ಕೆಂಪು ಬಳಿಯುವವಳು ಇಡೀ ಕ್ಲಬ್ಬಿನಲ್ಲಿ ಅವಳೊಬ್ಬಳೇ.

ಶೆದ್ಲಿ, ಕೆಟ್ಟ ದೃಷ್ಟಿ ತಡೆಯಲು ಅಲ್ಲಿನವರು ಮಾಡುವ ಹಾಗೆ, ಕರಿ ಮೆತ್ತಿದ ಐದು ಬೆರಳನ್ನೂ ಅಗಲಿಸಿ ಅವಳ ಮುಖದ ಮುಂದೆ ಹಿಡಿದ. “ಐದು ಬೆರಳೂ ನಿನ್ನ ಕಣ್ಣಿಗೆ. ಹದಿನೈದು ವರ್ಷದಿಂದ ಆ ಕಣ್ಣು ನನ್ನ ಹೆಂಡ್ತಿ ಮೇಲೇ ಇದೆ. ಇವತ್ತು ಕೈಯೂ ಬಿತ್ತಾ?”

“ನಾನು ತೆಗೆದಿಲ್ಲ,” ಎಂದಳು ನರ್ಜಿಸ್.

ಅವಳಿಗೇ ತನ್ನ ದನಿ ಕಳ್ಳಿಯ ದನಿಯಂತೆ ಕೇಳಿಸಿತು. ಲಮ್ಜೆದ್ ಅವಳ ಕಡೆ ನೋಡಲೂ ಇಲ್ಲ.

“ಕೇಳಿ,” ಎಂದರು ಲಲ್ಲಾ ಕಮರ್. “ಆಯುಧದ ಒಂದು ಚೂರು ಕಳೆದ್ರೂ ನಾನು ಠಾಣೆಗೆ ಹೇಳ್ಬೇಕು. ಹೇಳಿದ್ರೆ, ಈ ಕೀಲಿ ಇರೋದ್ರಿಂದ, ನರ್ಜಿಸ್ ನಾಳೆ ಕಣಕ್ಕೆ ಇಳಿಯೋ ಹಾಗಿಲ್ಲ. ನಾಳೆ ಏನು, ಇನ್ನು ಯಾವತ್ತೂ ಯಾರೂ ಅವಳ ಕೈಗೆ ಪಿಸ್ತೂಲು ಕೊಡಲ್ಲ. ಅದಕ್ಕೇ ಸಂಜೆಯ ಮಗ್ರಿಬ್ ಆಜಾನ್ ಕೂಗೋವರೆಗೂ ಕಾಯ್ತೀನಿ. ಗೇಟು ಹಾಕ್ಸಿದೀನಿ. ಒಬ್ಬೊಬ್ಬರಾಗಿ ಬನ್ನಿ. ನರ್ಜಿಸ್, ನೀನು ಇಲ್ಲೇ ನನ್ನ ಕಣ್ಮುಂದೆ ಕೂತ್ಕೋ.”

ಬಿಸಿಲು ಇಳಿಯುತ್ತಿತ್ತು. ಆಜಾನಿಗೆ ಬಹಳ ಹೊತ್ತಿರಲಿಲ್ಲ.

*

“ಮಧ್ಯಾಹ್ನ ಟೀ ಕುಡಿಯುವಾಗ ಅವಳಿಗೆ ಏನಂದೆ?” ಲಲ್ಲಾ ಕಮರ್ ಕುರ್ಚಿಯಲ್ಲಿ ಹರಡಿಕೊಂಡು ಬೀಜ ಸುಲಿಯುತ್ತ ಕೇಳಿದರು.

“ಏನಿಲ್ಲ.”

“ನಾನು ಅಲ್ಲೇ ಇದ್ದೆ ಕಣೇ. ನಿನ್ನ ಬಾಯಲ್ಲಿ ಕೇಳ್ಬೇಕು ಅಂತ.”

ನರ್ಜಿಸ್ ತಲೆ ತಗ್ಗಿಸಿದಳು. “‘ನಿನ್ನ ಕೈಗೆ ಹುಳ ಹಿಡೀಲಿ’ ಅಂದೆ.”

“ಯಾಕೆ?”

ಯಾಕೆಂದು ಹೇಳುವುದು ಹೇಗೆ? ಗೇಟಿನ ಹತ್ತಿರ ಹೂವಿನವನು ಬಂದಾಗ ಲಮ್ಜೆದ್ ಎರಡು ಗೊಂಚಲು ಮಲ್ಲಿಗೆ ಕೊಂಡ. ಒಂದನ್ನು ತನ್ನ ಕಿವಿಗೆ ಸಿಕ್ಕಿಸಿಕೊಂಡ, ಇನ್ನೊಂದನ್ನು ಶೀರಾಝಳಿಗೆ ಕೊಟ್ಟ. ಅದೇ ಮೇಜಿನಲ್ಲಿ ನರ್ಜಿಸ್ ಕೂಡ ಕೂತಿದ್ದಳು. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ — ಇದೇನು ಇವತ್ತಿನದಲ್ಲ. ಇಬ್ಬರೂ ಮಹ್ದಿಯಾದ ಹುಡುಗಿಯರು, ಅಕ್ಕಪಕ್ಕದ ಮನೆಯವರು. ಸಮುದ್ರದಂಡೆಯ ಬಲೂನು ಹೊಡೆಯುವ ಅಂಗಡಿಯಲ್ಲಿ ರಜೆಗೆ ಬಂದಿದ್ದ ಲಮ್ಜೆದ್ ಅವರನ್ನು ನೋಡಿದ. ಅವತ್ತು ನರ್ಜಿಸ್ ಒಂದು ಬಲೂನು ಹೆಚ್ಚೇ ಒಡೆದಿದ್ದಳು. ಅದು ಯಾರಿಗೂ ನೆನಪಿಲ್ಲ, ಅವಳಿಗೆ ಮಾತ್ರ ಇದೆ. ಆಮೇಲೆ ಶೀರಾಝ್ ಆಫ್ರಿಕಾ ಚಾಂಪಿಯನ್ ಆದಳು, ನರ್ಜಿಸ್ ಎರಡನೆಯವಳು. ಶೀರಾಝ್ ಮೆಡಿಟರೇನಿಯನ್ ಕೂಟದಲ್ಲಿ ಚಿನ್ನ ಗೆದ್ದಳು. ನರ್ಜಿಸ್ ಮೀಸಲು ಆಟಗಾರ್ತಿಯಾಗಿ ಅವಳ ಚೀಲ ಹೊತ್ತಳು. ಶೀರಾಝ್ ಕಳೆದ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವಳಾದಾಗ ಕಾಫಿ ಅಂಗಡಿಗಳಲ್ಲಿ ಗಂಡಸರು ಅತ್ತರು. ಈಗ ಹರೀಸಾ ಖಾರದ ಡಬ್ಬಿಯ ಮೇಲೆ ಅವಳದೇ ಮುಖ. ನರ್ಜಿಸಳ ತಾಯಿ ಕೂಡ ಅದೇ ಡಬ್ಬಿ ತರುತ್ತಾಳೆ, “ಖಾರ ಚೆನ್ನಾಗಿರುತ್ತೆ ಮಗಳೇ” ಎನ್ನುತ್ತಾಳೆ. ದಿನಾ ಬೆಳಗ್ಗೆ ರೊಟ್ಟಿಯ ಪಕ್ಕದಲ್ಲಿ ಶೀರಾಝ್ ನಗುತ್ತಿರುತ್ತಾಳೆ.

“ಹೊಟ್ಟೆಕಿಚ್ಚಿಗೆ,” ಎಂದಳು ನರ್ಜಿಸ್.

“ಹೂಂ. ಕೂಗು ಕೇಳಿದಾಗ ಅಂಗಳದಲ್ಲಿ ಯಾಕೆ ಇದ್ದೆ? ಅಭ್ಯಾಸದ ಹೊತ್ತಲ್ವಾ ಅದು?”

“ಲಮ್ಜೆದ್ ಮೇಷ್ಟ್ರು ಕಣದಿಂದ ಓಡ್ಸಿದ್ರು. ಕಿವಿಗವಸು ಒಂದು ಕಡೆ ಸ್ವಲ್ಪ ಎತ್ತಿದ್ದೆ, ಬೆವರು ಒರೆಸೋಕೆ. ಅಷ್ಟಕ್ಕೇ ‘ಆಚೆ ನಡಿ’ ಅಂದ್ರು.”

“ಅವನು ಬಿಡಲ್ಲ ಅದನ್ನ. ಗುಂಡಿನ ಸದ್ದಿಗೆ ಅವನ ಒಂದು ಕಿವಿ ಹೋಗಿದೆಯಲ್ಲ, ಪಾಪ. ಹತ್ತಿ ಇಟ್ಕೊಂಡ್ರೂ ಒಪ್ಪಲ್ಲ, ಮೇಲೆ ಕಿವಿಗವಸು ಬೇಕೇ ಬೇಕು ಅಂತಾನೆ. ನಿನ್ನ ಸಾಮಾನು ಪೆಟ್ಟಿಗೆ?”

“ಕಣದಲ್ಲೇ ಬಿಟ್ಟು ಬಂದೆ. ತೆರೆದೇ ಇತ್ತು. ಕೋಪದಲ್ಲಿ ಮುಚ್ಚಲಿಲ್ಲ.”

“ಕಣದಲ್ಲಿ ಆಮೇಲೆ ಯಾರಿದ್ರು?”

“ಮೂರು ನಾಲ್ಕು ಜನ ಚಿಕ್ಕ ಹುಡುಗೀರು ಹೊಡೀತಿದ್ರು. ಮೇಷ್ಟ್ರಿದ್ರು.”

“ನಿನ್ನನ್ನ ಅಂಗಳದಲ್ಲಿ ಯಾರಾದ್ರೂ ನೋಡಿದ್ರಾ?”

“ಇಲ್ಲ.”

“ಚೆನ್ನಾಗಿದೆ,” ಎಂದರು ಲಲ್ಲಾ ಕಮರ್, ಸಿಪ್ಪೆ ಉಗುಳುತ್ತ.

*

ಶೆದ್ಲಿ ಕೂರಲಿಲ್ಲ. ಬಾಗಿಲಿಗೆ ಒರಗಿ ನಿಂತು ನರ್ಜಿಸಳನ್ನು ದುರುಗುಟ್ಟಿ ನೋಡಿದ.

“ನನ್ನನ್ನ ಕೇಳೋದೇನಿದೆ? ಕಳ್ಳಿ ಪಕ್ಕದಲ್ಲೇ ಕೂತಿದಾಳೆ.”

“ನೀನು ಹೆಂಡ್ತಿಗೆ ಈ ಸಲ ಮನೇಲಿರು ಅಂದಿದ್ದೆಯಂತೆ?”

“ಅಂದಿದ್ದೆ. ಯಾವ ಗಂಡ ಅನ್ನಲ್ಲ? ಮದುವೆಯಾಗಿ ಒಂಬತ್ತು ವರ್ಷ. ನನ್ನ ಕೈ ಹಿಡಿದಿದ್ದಕ್ಕಿಂತ ಅವಳು ಆ ಮರದ ತುಂಡು ಹಿಡಿದಿದ್ದೇ ಜಾಸ್ತಿ.”

“ಆ ಮರದ ತುಂಡು ಕೆತ್ತಿದವನ ಬಗ್ಗೆ?”

ಶೆದ್ಲಿಯ ಕಿವಿ ಕೆಂಪಾಯಿತು. “ಮೇಷ್ಟ್ರು ಒಳ್ಳೆಯವರು. ಆದ್ರೆ ಅವಳ ಕೈ ಹಿಡಿದು ತಿರುಗಿಸಿ ತಿರುಗಿಸಿ ನೋಡೋವಾಗ... ನಾನೂ ಮನುಷ್ಯ ತಾನೇ?”

“ಗೇಟಿನ ಹತ್ರ ಏನು ಮಾಡ್ತಿದ್ದೆ?”

“ವ್ಯಾನಿನ ಟಯರು ಪಂಕ್ಚರ್. ಬಿಚ್ಚಿ ಹಾಕ್ತಿದ್ದೆ. ಕೈ ನೋಡಿ.”

ಲಲ್ಲಾ ಕಮರ್ ಕೈ ನೋಡಿದರು. ಪೆಟ್ಟಿಗೆಯ ಒಳಗಿನ ಬಿಳಿ ಸ್ಪಂಜು ನೋಡಿದರು. ಅದರ ಮೇಲೆ ಒಂದು ಕಲೆಯೂ ಇರಲಿಲ್ಲ.

“ಶೆದ್ಲಿ, ಈ ಪಿಸ್ತೂಲಿಗೆ ಎಷ್ಟು ಸ್ಕ್ರೂ ಇದೆ?”

“ನನಗೇನು ಗೊತ್ತು? ಹತ್ತೋ ಇಪ್ಪತ್ತೋ.”

“ಹೋಗು, ಕೈ ತೊಳ್ಕೊ.”

ಅವನು ಹೋದ ಮೇಲೆ ಆಕೆ ನಕ್ಕರು. “ಇವನಾಗಿದ್ರೆ ಇಡೀ ಪಿಸ್ತೂಲನ್ನೇ ಸಮುದ್ರಕ್ಕೆ ಎಸೀತಿದ್ದ. ಹಿಡಿಕೆ ಒಂದೇ ಬಿಚ್ಚಿ ತಗೊಂಡವರಿಗೆ ಅದು ನಿಂತಿರೋದು ಒಂದೇ ಸ್ಕ್ರೂ ಮೇಲೆ ಅಂತ ಗೊತ್ತಿತ್ತು.”

“ಅಂದ್ರೆ ನಾನು,” ಎಂದಳು ನರ್ಜಿಸ್.

“ಅಂದ್ರೆ ನೀನು. ಇಲ್ಲಾ ನಿನ್ನ ಹಾಗೆ ತಿಳಿದವರು.”

*

ಲಮ್ಜೆದ್ ಕುರ್ಚಿಯ ತುದಿಯಲ್ಲಿ ಕೂತ. ಕೆಲಸದ ಕೋಟಿನ ಗುಂಡಿ ಕುತ್ತಿಗೆಯವರೆಗೂ ಹಾಕಿದ್ದ. ಅರವತ್ತರ ಹತ್ತಿರದ ಮನುಷ್ಯ, ಕೂದಲು ಬೆಳ್ಳಗೆ, ಬೆರಳು ಇನ್ನೂ ಒಂದಿಷ್ಟೂ ನಡುಗುತ್ತಿರಲಿಲ್ಲ.

“ಎಲ್ಲಿದ್ರಿ ಮೇಷ್ಟ್ರೇ?”

“ಕಣದಲ್ಲಿ, ಕೊನೇ ಗೂಡಿನಲ್ಲಿ. ಹೊಸ ತೋಟಾ ಬಂದಿದ್ವಲ್ಲ, ನಾಳೆ ಶೀರಾಝಳಿಗೆ ಯಾವುದು ಸರಿ ಅಂತ ಹೊಡೆದು ನೋಡ್ತಿದ್ದೆ.”

“ನರ್ಜಿಸಳನ್ನ ಕಳಿಸಿದ ಮೇಲೆ?”

“ಕಳಿಸಿದ ಮೇಲೂ ಅಲ್ಲೇ. ಕದಲಲಿಲ್ಲ.”

“ಯಾರಾದ್ರೂ ನೋಡಿದ್ರಾ?”

“ಗೂಡುಗಳ ಮಧ್ಯೆ ಹಲಗೆ ಇದೆ ಲಲ್ಲಾ. ಎಲ್ರ ಕಣ್ಣೂ ಗುರಿ ಮೇಲಿರುತ್ತೆ. ಯಾರು ಯಾರನ್ನ ನೋಡ್ತಾರೆ?”

“ಕೂಗು ಕೇಳಿಸ್ತಾ?”

“ಕಿವಿಗವಸು ಹಾಕ್ಕೊಂಡೇ ಇದ್ದೆ. ತೋಟಾ ತುಂಬೋಕೆ ಅಂತ ತೆಗೆದು ಕೆಳಗಿಟ್ಟೆ ನೋಡಿ, ಆಗ ಕೇಳಿಸ್ತು. ಹಾಗೇ ಓಡಿದೆ.”

“ಹಾಗೇ?”

“ಹಾಗೇ. ಪಿಸ್ತೂಲನ್ನ ಮೇಜಿನ ಮೇಲೆ ಬಿಟ್ಟು ಓಡಿದೆ. ಒಂದು ಕ್ಷಣಾನೂ ನಿಲ್ಲಲಿಲ್ಲ. ಅವಳ ದನಿ ನನಗೆ ಗೊತ್ತಾಗಲ್ವಾ?”

ನರ್ಜಿಸ್ ಮನಸ್ಸಿನಲ್ಲೇ ಅಳೆದು ನೋಡಿದಳು. ತಾನು ಕೂಗಿದ್ದರೆ ಈ ಮನುಷ್ಯ ಮೊದಲು ತೋಟಾ ತುಂಬಿ ಮುಗಿಸುತ್ತಿದ್ದ.

“ನಿಮ್ಮ ಪ್ರಕಾರ ಯಾರು ತೆಗೆದಿರ್ಬೇಕು?”

ಲಮ್ಜೆದ್ ನೆಲ ನೋಡಿದ. “ಹೆಣ್ಣುಮಗಳ ಹೆಸರು ಹೇಗೆ ಹೇಳ್ಲಿ? ಕೀಲಿ ನೀವೇ ನೋಡಿದ್ರಲ್ಲ.”

“ಹೊಸ ಹಿಡಿಕೆ ಮಾಡ್ಬಹುದಾ?”

“ಮಾಡ್ಬಹುದು. ಆರು ತಿಂಗಳು ಬೇಕು. ದಿನಾ ಅವಳು ನನ್ನ ಮುಂದೆ ಕೂತಿರ್ಬೇಕು.” ಹೇಳುವಾಗ ಅವನ ದನಿ ಮೆತ್ತಗಾಯಿತು.

*

ಶೀರಾಝಳ ಕಣ್ಣು ಊದಿಕೊಂಡಿತ್ತು. ಬರಿಗೈಯನ್ನು ತೊಡೆಯ ಮೇಲೆ ಮಡಚುವುದು, ಬಿಚ್ಚುವುದು ಮಾಡುತ್ತಿದ್ದಳು. ಅಳುವಾಗಲೂ ಅವಳು ಚೆನ್ನಾಗಿಯೇ ಕಾಣುತ್ತಿದ್ದಳು. ನರ್ಜಿಸ್‌ಗೆ ಅದನ್ನೂ ಸಹಿಸಲಾಗಲಿಲ್ಲ.

“ನಾಳೆ ಗೆದ್ರೆ ಮುಂದೇನು ಮಗಳೇ?” ಎಂದರು ಲಲ್ಲಾ ಕಮರ್.

“ಒಲಿಂಪಿಕ್ಸ್.”

“ಅದರ ಮಧ್ಯೆ?”

ಶೀರಾಝ್ ನರ್ಜಿಸಳ ಕಡೆ ನೋಡಿದಳು. “ಇವಳ ಮುಂದೆ ಹೇಳ್ಬೇಕಾ?”

“ಇವಳ ಮುಂದೇ ಹೇಳು. ಇಲ್ಲಿ ಯಾರ ಗುಟ್ಟೂ ಉಳಿಯಲ್ಲ.”

“ಇಟಲಿಗೆ ಹೋಗ್ತೀನಿ. ಅಲ್ಲಿನ ಕೋಚ್ ಒಬ್ರು ಒಪ್ಪಿದಾರೆ. ನನಗೂ ವಯಸ್ಸಾಯ್ತು, ಇದೇ ಕೊನೇ ಸಲ. ನಾಲ್ಕನೇ ಸ್ಥಾನದಿಂದ ಮೇಲೆ ಹೋಗ್ಬೇಕು ಅಂದ್ರೆ ಬೇರೆ ಏನಾದ್ರೂ ಮಾಡ್ಬೇಕಲ್ವಾ?”

“ಮೇಷ್ಟ್ರಿಗೆ ಗೊತ್ತಾ?”

“ಇವತ್ತು ಟೀ ಆದ್ಮೇಲೆ ಹೇಳ್ದೆ. ನಾಳೆ ಆದ್ಮೇಲೆ ಪೇಪರಿನಲ್ಲಿ ನೋಡಿದ್ರೆ ಬೇಜಾರು ಮಾಡ್ಕೋತಾರೆ ಅಂತ.”

“ಏನಂದ?”

“ನಕ್ಕರು. ‘ಒಳ್ಳೇದು ಮಗಳೇ, ದೇವರು ದಾರಿ ತೋರಿಸ್ಲಿ’ ಅಂದ್ರು. ಆಮೇಲೆ...” ಶೀರಾಝ್ ನಿಲ್ಲಿಸಿದಳು. “ಆಮೇಲೆ, ‘ಹಿಡಿಕೆಯನ್ನೂ ತಗೊಂಡು ಹೋಗ್ತೀಯಾ?’ ಅಂತ ಕೇಳಿದ್ರು. ‘ನನ್ನ ಕೈ ಬಿಟ್ಟು ಹೇಗೆ ಹೋಗ್ಲಿ ಮೇಷ್ಟ್ರೇ’ ಅಂದೆ. ಅದಕ್ಕೂ ನಕ್ಕರು.”

ಅವಳನ್ನು ಹೊರಗೆ ಕಳಿಸಿ ಲಲ್ಲಾ ಕಮರ್ ಬೀಜದ ಪೊಟ್ಟಣ ಮಡಚಿಟ್ಟರು. ಕೋಣೆಯಲ್ಲಿ ಇಬ್ಬರೇ ಉಳಿದರು.

“ಈಗ ನಿನ್ನ ಸರದಿ.”

“ನನ್ನ ಸರದಿ ಆಯ್ತಲ್ಲ?”

“ಆಗ ಕಳ್ಳಿ ಅಂತ ಕೇಳ್ದೆ. ಈಗ ಸಾಕ್ಷಿ ಅಂತ ಕೇಳ್ತೀನಿ. ಮೊದಲು ಬಂದವಳು ನೀನು. ಲಮ್ಜೆದ್ ಬಂದಾಗ ನೀನು ನೋಡಿದೀಯ. ನಾನು ಹಿಂದಿನ ಕೋಣೇಲಿ ಟೀ ಇಡ್ತಿದ್ದೆ, ಕೊನೆಗೆ ಬಂದೆ. ಅವನು ಬಾಗಿಲಿಗೆ ಬಂದಾಗ ಹೇಗಿದ್ದ?”

“ಹೇಗಿದ್ರು ಅಂದ್ರೆ? ಏದುಸಿರು ಬಿಡ್ತಿದ್ರು.”

“ಇನ್ನೂ ನೋಡು. ನಿನ್ನಷ್ಟು ಅವನನ್ನ ನೋಡೋರು ಈ ಕ್ಲಬ್ಬಿನಲ್ಲಿ ಇಲ್ಲ. ಮುಖ ಕೆಂಪು ಮಾಡ್ಕೋಬೇಡ. ಪ್ರೀತಿ ಮಾಡೋರು ಕಣ್ಣು ಮುಚ್ಕೊಂಡಿರ್ತಾರೆ, ಹೊಟ್ಟೆಕಿಚ್ಚಿರೋರು ರೆಪ್ಪೆ ಬಡಿಯಲ್ಲ. ನಿನಗೆ ಎರಡೂ ಇದೆ. ಹೇಳು — ತಲೆಯಿಂದ ಶುರು ಮಾಡು.”

ನರ್ಜಿಸ್ ಕಣ್ಣು ಮುಚ್ಚಿದಳು. ಬಾಗಿಲು. ಬೆವರಿದ ಹಣೆ. ಬಿಳಿ ಕೂದಲು. ಶೀರಾಝ್ ಅವನ ಮೇಲೆ ಬೀಳುತ್ತಾಳೆ. ಅವನು ಕಿವಿಗೆ ಕೈ ಹಾಕಿ —

ಅವಳು ಕಣ್ಣು ತೆರೆದಳು. ಕಿಟಕಿಯ ಕಟ್ಟೆಯ ಮೇಲೆ ಮಲ್ಲಿಗೆ ಗೊಂಚಲು ಹಾಗೇ ಇತ್ತು. ಯಾರೂ ಅದನ್ನು ಎತ್ತಿರಲಿಲ್ಲ. ಬೇಸಿಗೆಯ ಸಂಜೆ ಈ ಊರಿನ ಯಾವ ಗಂಡಸಿನ ಕಿವಿಯ ಮೇಲೂ ಅದು ಇದ್ದೇ ಇರುತ್ತದೆ. ಮೂಗಿನ ಹಾಗೆ, ಮೀಸೆಯ ಹಾಗೆ. ಯಾರು ಗಮನಿಸುತ್ತಾರೆ?

ಅವಳಿಗೆ ಅರ್ಥವಾಯಿತು. ಅರ್ಥವಾದ ಕೂಡಲೇ ಆದದ್ದು ಬಿಡುಗಡೆಯಲ್ಲ. ಹಳೆಯ ಉರಿಯೇ ದುಪ್ಪಟ್ಟಾಗಿ ಎದ್ದಿತು. ಶೀರಾಝಳಿಗಾಗಿ ಈ ಮನುಷ್ಯ ಕಳ್ಳನೂ ಆದ. ನರ್ಜಿಸ್ ತನ್ನ ಕಾರ್ಖಾನೆ ಹಿಡಿಕೆಯನ್ನು ಒಂದೇ ಒಂದು ಸಲ ಉಜ್ಜಿ ಕೊಡಿ ಎಂದು ಕೇಳಿದಾಗ “ನಿನಗೆ ಅದೇ ಸಾಕು” ಎಂದಿದ್ದ.

ಇನ್ನೊಂದು ಯೋಚನೆಯೂ ಬಂತು, ಅದು ಇನ್ನೂ ಕೆಟ್ಟದು. ಸುಮ್ಮನಿದ್ದರೆ? ನಾನೇ ತೆಗೆದೆ ಎಂದುಬಿಟ್ಟರೆ? ಹೆಸರು ಹೋಗುತ್ತದೆ, ನಾಳೆಯ ಪಂದ್ಯ ಹೋಗುತ್ತದೆ. ಆದರೆ ಆ ಮನುಷ್ಯನಿಗೆ ಒಬ್ಬನಿಗೇ ನಿಜ ಗೊತ್ತಿರುತ್ತದೆ. ಬದುಕಿರುವವರೆಗೂ ಅವನು ತನ್ನನ್ನು ನೋಡಲೇಬೇಕಾಗುತ್ತದೆ. ಹದಿನೈದು ವರ್ಷದಲ್ಲಿ ಮೊದಲ ಸಲ.

“ಆಜಾನ್ ಹತ್ತಿರ ಬಂತು,” ಎಂದರು ಲಲ್ಲಾ ಕಮರ್, ಅವಸರವಿಲ್ಲದೆ. “ಒಂದು ಮಾತು ಹೇಳ್ತೀನಿ. ನೀನು ಯಾರಿಗಾದ್ರೂ ನಿನ್ನ ಜೀವನ ಕೊಡ್ಬೇಕು ಅಂದ್ರೆ, ಅವರು ಕೇಳಿದಾರಾ ಅಂತ ಮೊದಲು ನೋಡ್ಕೋ.”

ನರ್ಜಿಸ್ ತನ್ನ ಕೈ ನೋಡಿಕೊಂಡಳು. ಒಳ್ಳೆಯ ಕೈ ಅದು. ಅದಕ್ಕೆ ಯಾರೂ ಮರ ಕೆತ್ತಿಕೊಟ್ಟಿರಲಿಲ್ಲ.

“ಕಿವಿ ಮೇಲೆ ಮಲ್ಲಿಗೆ ಇತ್ತು,” ಎಂದಳು.

*

ಎಲ್ಲರೂ ಆಯುಧದ ಕೋಣೆಯಲ್ಲಿ ನಿಂತರು. ಲಲ್ಲಾ ಕಮರ್ ಮಲ್ಲಿಗೆ ಗೊಂಚಲನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದರು.

“ಇದು ಯಾರದು?”

“ನಂದು,” ಎಂದ ಲಮ್ಜೆದ್. “ಗಲಾಟೇಲಿ ಅಲ್ಲಿಟ್ಟೆ.”

“ಯಾವಾಗ ಕಿವಿಗಿಟ್ಕೊಂಡ್ರಿ?”

“ಟೀ ಹೊತ್ತಿಗೆ. ಎಲ್ಲಾ ನೋಡಿದಾರಲ್ಲ.”

“ನೋಡಿದಾರೆ. ಅದೇ ಕಷ್ಟ. ನೋಡಿದ್ದನ್ನ ಯಾರೂ ಯೋಚಿಸಲಿಲ್ಲ.” ಆಕೆ ಗೋಡೆಯ ಮೇಲಿಂದ ಒಂದು ಜೊತೆ ಕಿವಿಗವಸು ತೆಗೆದು ಶೆದ್ಲಿಗೆ ಕೊಟ್ಟರು. ಆ ಹೂವನ್ನು ಅವನ ಕಿವಿಗೆ ಸಿಕ್ಕಿಸಿದರು. “ಹಾಕ್ಕೋ.”

ಶೆದ್ಲಿ ಹಾಕಿಕೊಂಡ. ಒಂದು ಮೊಗ್ಗು ಮುರಿದು ಅವನ ಅಂಗಿಯ ಮೇಲೆ ಬಿತ್ತು. ಇನ್ನೆರಡು ಕಿವಿಗವಸಿನ ಅಡಿಯಲ್ಲಿ ನಜ್ಜುಗುಜ್ಜಾದವು.

“ಈ ಹೂವು ಒಂದು ನಿಮಿಷದ ಮುಂಚೆ ಹೇಗಿತ್ತು? ಒಂದು ಮೊಗ್ಗೂ ಕದಲಿರ್ಲಿಲ್ಲ. ಮೇಷ್ಟ್ರೇ, ನೀವು ಕಣದಲ್ಲಿ ಕಿವಿಗವಸು ಹಾಕ್ಕೊಂಡು ಹೊಡೀತಿದ್ದೆ ಅಂದ್ರಿ. ಹಾಗಾದ್ರೆ ಈ ಹೂವು ಆಗ ಎಲ್ಲಿತ್ತು?”

“ಮೇಜಿನ ಮೇಲೆ ತೆಗೆದಿಟ್ಟಿದ್ದೆ.” ಉತ್ತರ ಬೇಗನೇ ಬಂತು.

“ಇಟ್ಟಿರ್ಬಹುದು. ಆದ್ರೆ ಕೂಗು ಕೇಳಿದ ಕೂಡ್ಲೇ ಪಿಸ್ತೂಲು ಬಿಟ್ಟು ಹಾಗೇ ಓಡಿದೆ, ಒಂದು ಕ್ಷಣಾನೂ ನಿಲ್ಲಲಿಲ್ಲ ಅಂತಾನೂ ನೀವೇ ಅಂದ್ರಿ. ಬಾಗಿಲಿಗೆ ಬಂದಾಗ ಹೂವು ನಿಮ್ಮ ಕಿವಿ ಮೇಲಿತ್ತು. ಮಗಳ ಹಾಗೆ ಸಾಕಿದ ಹುಡುಗಿ ‘ಕೈ ಹೋಯ್ತು’ ಅಂತ ಕೂಗ್ತಿದ್ರೆ, ಯಾವ ಗಂಡಸು ನಿಂತು ಕಿವಿಗೆ ಹೂವು ಸಿಕ್ಕಿಸ್ಕೋತಾನೆ?”

ಲಮ್ಜೆದ್‌ನ ಕೈ ತಾನಾಗಿ ಬರಿದಾದ ಕಿವಿಯ ಕಡೆ ಹೋಯಿತು.

“ಕಿವಿಗವಸು ಹಾಕದೆ ಹೊಡೀತಿದ್ದೆ ಅಂತೀರಾ? ನೀವು? ಒಂದು ಕಿವಿ ಎತ್ತಿದ್ದಕ್ಕೆ ಈ ಹುಡುಗೀನ ಆಚೆ ಓಡಿಸಿದವರು? ಇಲ್ಲ ಮೇಷ್ಟ್ರೇ. ಟೀ ಆದ್ಮೇಲೆ ನೀವು ಒಂದು ಗುಂಡೂ ಹೊಡೀಲಿಲ್ಲ. ನರ್ಜಿಸಳನ್ನ ಕಳಿಸಿದ್ರಿ, ಕಿವಿಗವಸು ತೆಗೆದು ಹೂವು ಮತ್ತೆ ಸಿಕ್ಕಿಸ್ಕೊಂಡ್ರಿ. ತೆರೆದ ಪೆಟ್ಟಿಗೆಯಿಂದ ಕೀಲಿ ತಗೊಂಡ್ರಿ. ಅಂಗಳ ದಾಟದೆ ಆಚೆ ಬದಿಯಿಂದ ಇಲ್ಲಿಗೆ ಬಂದು ಒಂದು ಸ್ಕ್ರೂ ಬಿಚ್ಚಿದ್ರಿ. ಅವಳು ಬರೋ ಸದ್ದು ಕೇಳಿ ಕೀಲಿ ಬೀಳಿಸಿ ಹೊರಟ್ರಿ. ಹೊಸ ತೋಟಾ ಡಬ್ಬಿ ತರಿಸಿ ನೋಡೋಣ್ವಾ? ಮುಚ್ಚಳದ ಅಂಟು ಕೂಡ ಬಿಚ್ಚಿರಲ್ಲ.”

ಲಲ್ಲಾ ಕಮರ್ ಕೈ ಚಾಚಿದರು.

“ಕೊಡಿ. ಎಸೆದಿಲ್ಲ ಅಂತ ಗೊತ್ತು. ನಿಮ್ಮ ಕೈಲಾಗಲ್ಲ.”

ಲಮ್ಜೆದ್ ಕೋಟಿನ ಗುಂಡಿ ಒಂದೊಂದಾಗಿ ಬಿಚ್ಚಿದ. ಎದೆಯ ಹತ್ತಿರದಿಂದ ಹಿಡಿಕೆ ತೆಗೆದ. ಅದನ್ನು ಮೃದುವಾದ ಬಟ್ಟೆಯಲ್ಲಿ ಸುತ್ತಿದ್ದ.

“ಯಾಕೆ ಮೇಷ್ಟ್ರೇ?” ಶೀರಾಝ್ ಕೇಳಿದಳು. “ನಾನು ಸೋಲ್ಬೇಕು ಅಂತಾನಾ?”

“ಸೋಲೋದು ಗೆಲ್ಲೋದು ಯಾರಿಗೆ ಬೇಕು?” ಅವನ ದನಿ ಒರಟಾಯಿತು. “ಆ ಮರ ಆ ಇಟಲಿಯವನ ಕೈಗೆ ಸಿಗೋದು ಬೇಡ ಅಂತ. ಅವನು ಅದನ್ನ ತಿರುಗಿಸಿ ನೋಡ್ತಾನೆ, ‘ಇಲ್ಲಿ ಜಾಸ್ತಿಯಾಯ್ತು’ ಅಂತ ಉಜ್ಜುತಾನೆ. ಹದಿನೈದು ವರ್ಷದಿಂದ ನಿನ್ನ ಕೈ ನನಗೆ ಗೊತ್ತು, ನನಗೆ ಮಾತ್ರ ಗೊತ್ತು. ಹಿಡಿಕೆ ಇಲ್ಲಾಂದ್ರೆ ನೀನು ಹೊಸದಕ್ಕೆ ನನ್ನ ಹತ್ರಾನೇ ಬರ್ತಿದ್ದೆ. ಆರು ತಿಂಗಳು. ಆಮೇಲೆ ಇಟಲಿ ಯಾರಿಗೆ ನೆನಪಿರುತ್ತೆ?”

ಶೆದ್ಲಿ ಒಂದು ಹೆಜ್ಜೆ ಮುಂದಿಟ್ಟ. ಲಲ್ಲಾ ಕಮರ್ ಅವನ ಎದೆಗೆ ಕೈ ಅಡ್ಡ ಹಿಡಿದರು. “ಬೇಡ. ನಿಂದೂ ಅದೇ ರೋಗ, ಸ್ವಲ್ಪ ಕಮ್ಮಿ ಅಷ್ಟೇ.”

ಆಜಾನ್ ಕೂಗಿತು. ಠಾಣೆಗೆ ಯಾರ ಹೆಸರು ಹೇಳಬೇಕೆಂದು ಲಲ್ಲಾ ಕಮರ್ ಆಗಲೇ ತೀರ್ಮಾನಿಸಿದ್ದರು. ಲಮ್ಜೆದ್‌ನ ತೋಳು ಹಿಡಿದು ಬಾಗಿಲ ಕಡೆ ತಿರುಗಿದರು. ಆಗ ನರ್ಜಿಸ್ ಅಡ್ಡ ಬಂದು ನಿಂತಳು.

“ನನ್ನ ಕೀಲಿ ಯಾಕೆ ಮೇಷ್ಟ್ರೇ?” ಅವಳು ಅಳಬಾರದೆಂದು ಹಲ್ಲು ಕಚ್ಚಿದ್ದಳು. “ನಿಮ್ಮ ಹತ್ರಾನೇ ಹತ್ತು ಇದಾವೆ. ನನ್ನ ಮೇಲೆ ಹಾಕ್ಬೇಕು ಅಂತಾನೇ ತಾನೇ? ನನ್ನ ಮೇಲೆ ಅಷ್ಟು ದ್ವೇಷ ಏನಿತ್ತು?”

ಲಮ್ಜೆದ್ ಅವಳನ್ನು ನೋಡಿದ. ಆ ಕಣ್ಣಿನಲ್ಲಿ ದ್ವೇಷ ಇರಲಿಲ್ಲ. ಸ್ವಲ್ಪ ಆಶ್ಚರ್ಯ ಇತ್ತು.

“ದ್ವೇಷ ಯಾಕೆ? ಹತ್ತಿರ ತೆರೆದಿದ್ದ ಪೆಟ್ಟಿಗೆಗೆ ಕೈ ಹಾಕ್ದೆ. ಯಾರದು ಅಂತ ನೋಡ್ಲಿಲ್ಲ. ಇವರು ಕೈಲಿ ಹಿಡಿದು ತೋರಿಸಿದಾಗ್ಲೇ ನಿಂದು ಅಂತ ಗೊತ್ತಾಗಿದ್ದು.”

ಅವನು ಹೋದ. ನರ್ಜಿಸ್ ನಿಂತಲ್ಲೇ ನಿಂತಳು. ದ್ವೇಷ ಎಂದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಬೇಕೆಂದೇ ಕೆಡಿಸಿದೆ ಎಂದಿದ್ದರೂ, ಕೆಡಿಸುವಷ್ಟಾದರೂ ತನ್ನ ನೆನಪಿತ್ತಲ್ಲ ಎಂದುಕೊಳ್ಳಬಹುದಿತ್ತು. ಅವಳ ಹದಿನೈದು ವರ್ಷಕ್ಕೆ ಸಿಕ್ಕ ಉತ್ತರ ಇಷ್ಟೇ.

“ನರ್ಜಿಸ್.”

ಶೀರಾಝ್ ಮೇಜಿನ ಮುಂದೆ ಕೂತಿದ್ದಳು. ಪಿಸ್ತೂಲಿಗೆ ಹಿಡಿಕೆ ಹೊಂದಿಸಿ ಸ್ಕ್ರೂ ಹಾಕಲು ನೋಡುತ್ತಿದ್ದಳು. ಬೆರಳು ನಡುಗಿ ಅದು ಮತ್ತೆ ಮತ್ತೆ ಜಾರುತ್ತಿತ್ತು. ಇಡೀ ಆಫ್ರಿಕಾದಲ್ಲಿ ಅಷ್ಟು ಸ್ಥಿರವಾದ ಕೈ ಇನ್ನೊಂದಿಲ್ಲ ಎಂದು ಪೇಪರಿನವರು ಬರೆಯುತ್ತಿದ್ದ ಕೈ.

“ನನ್ನ ಕೈಲಿ ಆಗ್ತಿಲ್ಲ,” ಎಂದಳು. “ನೀನು ಬಿಗಿ ಮಾಡಿಕೊಡ್ತೀಯಾ?”

ಶೆದ್ಲಿ ಬೇಡ ಎನ್ನಲು ಬಾಯಿ ತೆರೆದ. ಶೀರಾಝ್ ಅವನನ್ನು ನೋಡಿದ ರೀತಿಗೆ ಸುಮ್ಮನಾದ.

ನರ್ಜಿಸ್ ಮೇಜಿನ ಮೇಲಿದ್ದ ತನ್ನ ಕೀಲಿ ಎತ್ತಿಕೊಂಡಳು. ಮೊದಲ ಸಲ ಆ ಹಿಡಿಕೆ ಅವಳ ಕೈಗೆ ಬಂದಿತ್ತು. ಎಷ್ಟು ನುಣುಪು. ಎಷ್ಟು ವರ್ಷದ ಕೆಲಸ. ಎಲ್ಲ ಇನ್ನೊಬ್ಬಳ ಬೆರಳಿಗೆ. ಸ್ಕ್ರೂವನ್ನು ಅರ್ಧ ಸುತ್ತು ಸಡಿಲ ಬಿಟ್ಟರೆ ಸಾಕು, ನಾಳೆ ಗುರಿ ಕೂದಲೆಳೆಯಷ್ಟು ತಪ್ಪುತ್ತಾ ಹೋಗುತ್ತದೆ, ಯಾಕೆಂದು ಯಾರಿಗೂ ತಿಳಿಯುವುದಿಲ್ಲ. ಅದು ಅವಳಿಗೆ ಗೊತ್ತಿತ್ತು. ಶೀರಾಝಳಿಗೂ ಗೊತ್ತಿತ್ತು. ಹೊಟ್ಟೆಯೊಳಗಿನ ಕಿಚ್ಚು ಒಂದಿಷ್ಟೂ ಆರಿರಲಿಲ್ಲ.

ಅವಳು ಕೀಲಿ ತಿರುಗಿಸಿದಳು. ಕೊನೆಯವರೆಗೂ ತಿರುಗಿಸಿದಳು, ಅಲುಗಾಡಿಸಿ ನೋಡಿದಳು, ಮತ್ತೆ ಒಂದು ಸಲ ಬಿಗಿದಳು. ಆಮೇಲೆ ಪಿಸ್ತೂಲನ್ನು ಶೀರಾಝಳ ಮುಂದೆ ತಳ್ಳಿದಳು.

“ತಗೋ. ನಾಳೆ ಸೋತ್ರೆ ಹಿಡಿಕೆ ಮೇಲೆ ಹಾಕ್ಬೇಡ.”